ಬೇಸಿಗೆ ಉದ್ದವಾದರೆ ಸಾಕೇ? ಕೂಪರ್ ದ್ವೀಪವನ್ನು ನೋಡಿ

ಆರ್ಕ್ಟಿಕ್ ಕರಾವಳಿಯಲ್ಲಿ ಬೇಸಿಗೆ ಉದ್ದವಾದರೆ ಹಕ್ಕಿಗಳಿಗೆ ಅನುಕೂಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಅರ್ಧ ನಿಜ. ಇನ್ನರ್ಧ ಅಲಾಸ್ಕಾದ ಕೂಪರ್ ದ್ವೀಪದಲ್ಲಿದೆ.

ಪಕ್ಷಿವಿಜ್ಞಾನಿ ಜಾರ್ಜ್ ಡಿವೋಕಿ 1975ರಿಂದ ಬೇಸಿಗೆ ಬಂತೆಂದರೆ ಆ ದ್ವೀಪಕ್ಕೆ ಹೋಗಿ ಬ್ಲ್ಯಾಕ್ ಗಿಲಮಾಟ್ ಎಂಬ ಕಡಲಹಕ್ಕಿಗಳನ್ನು ಎಣಿಸುತ್ತಾ ಬಂದಿದ್ದಾರೆ. ಒಂದೇ ಜಾತಿಯ ಹಕ್ಕಿಗಾಗಿ ಇಷ್ಟು ವರ್ಷ! ನೌಕಾಪಡೆ ಬಿಟ್ಟುಹೋದ ಹಳೇ ಮರದ ಪೆಟ್ಟಿಗೆಗಳಡಿ ಇವು ಗೂಡು ಮಾಡಿದ್ದವು. ಮೊಟ್ಟೆಯಿಟ್ಟು ಮರಿ ಹಾರುವ ತನಕ ಸುಮಾರು 80 ದಿನ ಹಿಮವಿಲ್ಲದ ನೆಲ ಬೇಕು. ಹಿಮ ಬೇಗ ಕರಗತೊಡಗಿದಾಗ ಇವು ಹೆಚ್ಚಿದವು ಕೂಡ. 1980ರ ದಶಕದ ಕೊನೆಗೆ 200ಕ್ಕೂ ಹೆಚ್ಚು ಜೋಡಿಗಳಿದ್ದವು.

ಆಮೇಲೆ ಸಮುದ್ರದ ಮಂಜುಗಡ್ಡೆಯೇ ದೂರ ಸರಿಯಿತು. ಮರಿಗಳಿಗೆ ತಿನ್ನಿಸುವ ಆರ್ಕ್ಟಿಕ್ ಕಾಡ್ ಮೀನು ಇರುವುದು ಆ ಮಂಜಿನ ಅಡಿಯಲ್ಲಿ. ಅದು ಸಿಗದೆ ತಾಯಿ ತಂದೆ ಸ್ಕಲ್ಪಿನ್ ಮೀನು ತರತೊಡಗಿದವು. ಅದರ ತಲೆ ದೊಡ್ಡದು, ಮುಳ್ಳು ಮುಳ್ಳು. ಮರಿಗೆ ನುಂಗಲು ಆಗುವುದಿಲ್ಲ. ಬಾಯಿಗೆ ಬಂದ ಮೀನು ಹೊಟ್ಟೆಗೆ ಇಳಿಯದೆ ಮರಿ ಸೊರಗುವುದನ್ನು ನೆನೆದರೇ ಸಂಕಟವಾಗುತ್ತದೆ.

ಮಂಜು ಕಳೆದುಕೊಂಡ ಹಿಮಕರಡಿಗಳೂ ದ್ವೀಪಕ್ಕೆ ಬಂದು ಮರಿಗಳನ್ನು ತಿಂದವು. ಡಿವೋಕಿ ಮರದ ಪೆಟ್ಟಿಗೆ ತೆಗೆದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟರು. ಕರಡಿಯ ಕಾಟ ತಪ್ಪಿತು. ಮೀನನ್ನು ಮಾತ್ರ ಯಾರೂ ತಂದುಕೊಡಲಾರರು. ಜೋಡಿಗಳ ಸಂಖ್ಯೆ 100ಕ್ಕಿಂತ ಕೆಳಗೆ ಇಳಿಯಿತು.

ದಯವಿಟ್ಟು ಬೇಸಿಗೆಯ ದಿನಗಳ ಜೊತೆ ಆ ಮಂಜಿನ ಲೆಕ್ಕವನ್ನೂ ಲೇಖನಕ್ಕೆ ಸೇರಿಸಿ.