ಕ್ವೇಲ್ ಸಾಕುವವರು ನೀರಿನ ತಟ್ಟೆಗೆ ಗೋಲಿ ಹಾಕಿ

ಕ್ವೇಲ್ (ಕೋಳಿ ಜಾತಿಯ ಪುಟ್ಟ ಹಕ್ಕಿ) ಸಾಕಣೆ ಬಗ್ಗೆ ನಿಮ್ಮ ಲೇಖನದಲ್ಲಿ 'ನಾಟಿ ಕೋಳಿ ಸಾಕಿದವರಿಗೆ ಕ್ವೇಲ್ ಏನೂ ಕಷ್ಟವಲ್ಲ' ಅಂತ ಬರೆದಿದ್ದೀರಿ ಸಾರ್. ನಾನೂ ಅದೇ ಧೈರ್ಯದಲ್ಲಿ 20 ಮರಿ ತಂದೆ. ಮೊದಲ ರಾತ್ರಿಯೇ ಮೂರು ಮರಿ ನೀರಿನ ತಟ್ಟೆಯಲ್ಲಿ ಬಿದ್ದು ಸತ್ತವು. ಮರಿ ಅಂದರೆ ಹೆಬ್ಬೆರಳಿನಷ್ಟು, 7-8 ಗ್ರಾಂ ತೂಗಿದರೆ ಹೆಚ್ಚು. ಅದಕ್ಕೆ ಅರ್ಧ ಇಂಚು ನೀರೂ ಬಾವಿಯೇ. ಆಮೇಲೆ ಮಗನ ಗೋಲಿಗಳನ್ನೆಲ್ಲ ತಟ್ಟೆಗೆ ಸುರಿದೆ. ಸಂದಿಯಲ್ಲಿ ಕೊಕ್ಕು ಇಟ್ಟು ಕುಡಿಯುತ್ತವೆ, ಒಂದೂ ಸಾಯಲಿಲ್ಲ. (ಗೋಲಿಗಾಗಿ ಮಗ ಇನ್ನೂ ಜಗಳ ಆಡ್ತಾನೆ.)

ಇನ್ನೊಂದು ವಿಷಯ ನೀವು ಬಿಟ್ಟಿದ್ದೀರಿ. ಬೆದರಿದರೆ ಇವು ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರುತ್ತವೆ. ಮೊಳ ಎತ್ತರದ ಗೂಡಿಗೆ ಮೇಲೆ ತಂತಿ ಜಾಲರಿ ಹಾಕಿದ್ದೆ, ತಲೆ ಒಡೆದುಕೊಂಡವು. ಈಗ ಒಳಗಡೆ ಹಳೇ ಗೋಣಿ ಬಿಗಿದಿದ್ದೇನೆ.

ಆರೇಳು ವಾರಕ್ಕೆ ಮೊಟ್ಟೆ ಶುರು ಅಂತ ನೀವು ಅಂದಿದ್ದು ನಿಜ. ಆದರೆ ಕಾವಿಗೆ ಕೂರುತ್ತವೆ ಅಂತ ಕಾಯಬೇಡಿ, ನಾವು ಸಾಕುವ ಈ ಜಪಾನಿ ಕ್ವೇಲ್‌ಗೆ ಆ ಬುದ್ಧಿಯೇ ಹೋಗಿದೆ. ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಯಂತ್ರ) ಇದ್ದರೆ 17-18 ದಿನಕ್ಕೆ ಮರಿ. ನನ್ನ ಹತ್ತಿರ ಇಲ್ಲ, ಆಮ್ಲೆಟ್ ಮಾಡ್ಕೊಂಡು ತಿಂತಿದ್ದೀವಿ. ಒಬ್ಬರಿಗೆ ಐದು ಮೊಟ್ಟೆಯಾದರೂ ಬೇಕು ಅನ್ನಿ.