ಪರಮಗೀತೆಯ ಕಾವಲುಗಾರರು

ಹೀಬ್ರೂ ಬೈಬಲ್ಲಿನ ಪರಮಗೀತೆಯ ಮಾತು ಬಂದರೆ ಒಬ್ಬರು 'ಧರ್ಮಗ್ರಂಥದಲ್ಲಿ ಇಷ್ಟು ಹಸಿ ಶೃಂಗಾರವೇ!' ಅಂತಾರೆ, ಇನ್ನೊಬ್ಬರು 'ಅದು ಶೃಂಗಾರ ಅಲ್ಲ ಸ್ವಾಮಿ, ದೇವರಿಗೂ ಭಕ್ತರಿಗೂ ಇರುವ ಪ್ರೀತಿ' ಅಂತಾರೆ. ಎಂಟೇ ಅಧ್ಯಾಯ, 117 ವಚನಗಳ ಈ ಕಾವ್ಯದ ಮೇಲೆ ಎರಡು ಸಾವಿರ ವರ್ಷದಿಂದ ನಡೆದಿರುವ ವಾದವೂ ಹೆಚ್ಚುಕಡಿಮೆ ಇದೇ. ನಾನಂತೂ ಯಾವುದೇ ವ್ಯಾಖ್ಯಾನ ಕೈಗೆ ಬಂದರೂ ಮೊದಲು ತೆರೆಯುವುದು ಐದನೇ ಅಧ್ಯಾಯದ ಏಳನೇ ವಚನವನ್ನು.

ರಾತ್ರಿ ನಲ್ಲ ಬಂದು ಬಾಗಿಲು ತಟ್ಟುತ್ತಾನೆ. ಅಂಗಿ ಕಳಚಿದ್ದೇನೆ, ಕಾಲು ತೊಳೆದಾಗಿದೆ, ಮತ್ತೆ ಹೇಗೆ ಏಳಲಿ ಎಂದು ಕಾವ್ಯದ ಹುಡುಗಿ ಸತಾಯಿಸುತ್ತಾಳೆ. ಎದ್ದು ಚಿಲಕ ತೆಗೆದರೆ ಅವನಿಲ್ಲ. ಹುಡುಕುತ್ತಾ ಬೀದಿಗಿಳಿದವಳನ್ನು ಊರ ಕಾವಲುಗಾರರು ಹೊಡೆಯುತ್ತಾರೆ, ಗಾಯ ಮಾಡುತ್ತಾರೆ, ಮೇಲುಹೊದಿಕೆ ಕಿತ್ತುಕೊಳ್ಳುತ್ತಾರೆ. ಮೂರನೇ ಅಧ್ಯಾಯದಲ್ಲೂ ಕಾವಲುಗಾರರು ಎದುರಾಗಿದ್ದರು. ಆಗ 'ನನ್ನ ಪ್ರಾಣಪ್ರಿಯನನ್ನು ಕಂಡಿರಾ' ಎಂದು ಕೇಳಿ ಮುಂದೆ ಹೋಗಿದ್ದಳು, ಏನೂ ಆಗಿರಲಿಲ್ಲ.

ಇಡೀ ಕಾವ್ಯವನ್ನು ಇಸ್ರಾಯೇಲಿನ ಚರಿತ್ರೆಯಾಗಿ ಓದುವ ತಾರ್ಗುಮ್, ಅಂದರೆ ಯೆಹೂದ್ಯರ ಹಳೆಯ ಅರಾಮಿಕ್ ಅನುವಾದ-ವ್ಯಾಖ್ಯಾನ, ಈ ಕಾವಲುಗಾರರನ್ನು ಯೆರೂಸಲೇಮಿಗೆ ಮುತ್ತಿಗೆ ಹಾಕಿದ ಬಾಬಿಲೋನಿನವರನ್ನಾಗಿ ಮಾಡುತ್ತದೆ. ಏಟು ಅಲ್ಲಿ ಏಟಾಗಿಯೇ ಉಳಿಯುತ್ತದೆ, ಒಪ್ಪಬಹುದು. ನಾಲ್ಕನೇ ಶತಮಾನದ ಕ್ರೈಸ್ತ ಬಿಷಪ್ ನಿಸ್ಸಾದ ಗ್ರೆಗರಿ ಮಾತ್ರ ನನ್ನನ್ನು ಸುಸ್ತು ಮಾಡಿಬಿಟ್ಟ. ಅವನ ಪ್ರಕಾರ ಆ ಹೊಡೆತ ಆತ್ಮಕ್ಕೆ ಒಳ್ಳೆಯದು, ಹೊದಿಕೆ ಹೋದದ್ದು ಇನ್ನೂ ಒಳ್ಳೆಯದು! ಪೆಟ್ಟು ತಿಂದವಳಿಗೆ ಹೀಗೆ ಸಮಾಧಾನ ಹೇಳುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ.

ಹಾಗಂತ ಅಧ್ಯಾತ್ಮದ ಓದನ್ನು ಗೇಲಿ ಮಾಡುವುದು ನನಗಿಷ್ಟವಿಲ್ಲ. ಗ್ರಂಥಗಳೆಲ್ಲ ಪವಿತ್ರ, ಪರಮಗೀತೆಯೋ ಪವಿತ್ರಗಳಲ್ಲಿ ಪವಿತ್ರ ಎಂದು ಯೆಹೂದ್ಯರ ಪ್ರಾಚೀನ ಧರ್ಮಗುರು ರಬ್ಬಿ ಅಕೀವ ಪಟ್ಟುಹಿಡಿದ. ಔತಣದ ಮನೆಗಳಲ್ಲಿ ಇದನ್ನು ರಾಗ ಎಳೆದು ಹಾಡುವವನಿಗೆ ಪರಲೋಕದಲ್ಲಿ ಪಾಲಿಲ್ಲ ಎಂದವನೂ ಅವನೇ. (ಅಂದರೆ ಜನ ಹಾಡುತ್ತಿದ್ದರು ಅಂತಾಯಿತು!) ಇನ್ನು ನಮ್ಮವರು ಇಲ್ಲಿಗೆ ಅಕ್ಕಮಹಾದೇವಿಯನ್ನು ಕರೆತರುತ್ತಾರೆ. ಆದರೆ ಅಕ್ಕ ಚೆನ್ನಮಲ್ಲಿಕಾರ್ಜುನನನ್ನು ಹೆಸರಿಟ್ಟು ಕರೆಯುತ್ತಾಳೆ. ಈ ಹುಡುಗಿ ಒಮ್ಮೆಯೂ ದೇವರನ್ನು ಕರೆಯುವುದಿಲ್ಲ.

ಇವಳ ಸುತ್ತ ಯಾರಿದ್ದಾರೆ ನೋಡಿ. ತಾಯಿಯ ಮಾತು ಮತ್ತೆ ಮತ್ತೆ ಬರುತ್ತದೆ, ಅಪ್ಪನ ಸುಳಿವೇ ಇಲ್ಲ. ಅಣ್ಣಂದಿರಿದ್ದಾರೆ, ಮೊದಲ ಅಧ್ಯಾಯದಲ್ಲೇ ಸಿಟ್ಟಾಗಿ ಇವಳನ್ನು ದ್ರಾಕ್ಷಿತೋಟ ಕಾಯಲು ಹಾಕಿದವರು. ಕೊನೆಯ ಅಧ್ಯಾಯದಲ್ಲಿ, ನಮ್ಮ ಪುಟ್ಟ ತಂಗಿ ಬಾಗಿಲಾದರೆ ದೇವದಾರು ಹಲಗೆ ಬಡಿದು ಮುಚ್ಚೋಣ ಎಂಬ ಮಾತು ಬರುತ್ತದೆ. ಅದೂ ಅವರದೇ ಇರಬೇಕು. ನಾನು ಗೋಡೆ, ನನ್ನ ಮೊಲೆಗಳು ಬುರುಜು ಎಂದು ಇವಳು ತಿರುಗಿ ಉತ್ತರ ಕೊಡುತ್ತಾಳೆ. ಅದಕ್ಕೂ ಸ್ವಲ್ಪ ಮೊದಲು ನಲ್ಲನಿಗೆ ಹೇಳುತ್ತಾಳೆ: ನೀನು ನನ್ನ ಒಡಹುಟ್ಟಿದವನಾಗಿದ್ದರೆ ಬೀದಿಯಲ್ಲೇ ಮುತ್ತಿಡುತ್ತಿದ್ದೆ, ಯಾರೂ ಹೀಗಳೆಯುತ್ತಿರಲಿಲ್ಲ.

ಮನೆಯಲ್ಲಿ ಅಣ್ಣಂದಿರು, ಬೀದಿಯಲ್ಲಿ ಕಾವಲುಗಾರರು. ನನಗೆ ಇವೆರಡೂ ಒಂದೇ ಎಳೆ. 'ನಾನು ಮಲಗಿದ್ದೆ, ಹೃದಯ ಎಚ್ಚರವಿತ್ತು' ಎಂದು ಆ ಭಾಗ ಶುರುವಾಗುವುದರಿಂದ ಹೊಡೆತವೆಲ್ಲ ಕನಸು ಎಂದು ಓದುವವರೂ ಇದ್ದಾರೆ. ಇರಲಿ, ಕನಸೇ ಅನ್ನೋಣ. ಬೀದಿಯಲ್ಲಿ ಮುತ್ತಿಟ್ಟರೆ ಜನ ಏನಂದಾರು ಎಂಬ ಲೆಕ್ಕ ಇಟ್ಟುಕೊಂಡವಳಿಗೆ ಬಿದ್ದ ಕನಸು ಅದು.

ಏಟು ತಿಂದವಳು ಮರುಕ್ಷಣ ಯೆರೂಸಲೇಮಿನ ಹೆಣ್ಣುಮಕ್ಕಳ ಹತ್ತಿರ ತನ್ನ ನಲ್ಲನನ್ನು ತಲೆಯಿಂದ ಕಾಲಿನವರೆಗೆ ವರ್ಣಿಸಲು ಕೂರುತ್ತಾಳೆ. ಹೊಡೆದವರ ಸುದ್ದಿ ಮತ್ತೆ ಎತ್ತುವುದಿಲ್ಲ. ಸಹಿಸಿಕೊಂಡಳು ಎಂದು ನನಗನ್ನಿಸುವುದಿಲ್ಲ. ಅವರನ್ನು ಅವಳು ಲೆಕ್ಕಕ್ಕೇ ಇಟ್ಟಿಲ್ಲ.