ಅಲ್ಪವಿರಾಮ ಸರಿಯಿದ್ದರೆ ಸಾಕು

ಚಾಟ್‌ಜಿಪಿಟಿ ಹೊಸೆದುಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 2023ರಲ್ಲಿ 5,000 ಡಾಲರ್ ದಂಡ ತೆತ್ತರಲ್ಲ, ನ್ಯೂಯಾರ್ಕಿನ ಆ ವಕೀಲರು? ಅವರನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕ ಪ್ರಾಧ್ಯಾಪಕರ ಮೇಜಿಗೇ ಈಗ ಅಂಥದೇ ಸರಕು ಬಂದು ಬೀಳುತ್ತಿದೆ. ವಿದ್ಯಾರ್ಥಿಗಳ ಪ್ರಬಂಧದ ಆಕರಪಟ್ಟಿಯಲ್ಲಿ ಯಾರೂ ಬರೆಯದ ಲೇಖನ, ಎಲ್ಲೂ ಅಚ್ಚಾಗದ ಪುಟ, ಒತ್ತಿದರೆ ಎಲ್ಲಿಗೂ ಒಯ್ಯದ ಡಿಒಐ (ಲೇಖನವನ್ನು ಅಂತರ್ಜಾಲದಲ್ಲಿ ಗುರುತಿಸುವ ಕೊಂಡಿ). ವಿದ್ವತ್ ಲೋಕ ಗಾಬರಿಬಿತ್ತು. ಗಾಬರಿಬಿದ್ದಾಗಲೆಲ್ಲ ಮಾಡುವುದನ್ನೇ ಈಗಲೂ ಮಾಡಿತು: ಕಾರ್ಯಾಗಾರ ಇಟ್ಟಿತು.

ವಿಷಯ, ಆಕರಗಳನ್ನು ಉಲ್ಲೇಖಿಸುವುದು ಹೇಗೆ. ಎಂಥ ಸೂಕ್ಷ್ಮ ವಿದ್ಯೆ ನೋಡಿ! ಅಮೆರಿಕದ ಮನೋವಿಜ್ಞಾನ ಸಂಘ ರೂಪಿಸಿದ ಎಪಿಎ ಶೈಲಿಯಲ್ಲಿ ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿರಬೇಕು. ಸಂಪುಟ ಸಂಖ್ಯೆಯೂ ಓರೆ. ಅದರ ಮಗ್ಗುಲಲ್ಲೇ ಇರುವ ಸಂಚಿಕೆ ಸಂಖ್ಯೆ ಮಾತ್ರ ಆವರಣದೊಳಗೆ ನೆಟ್ಟಗೆ ನಿಲ್ಲಬೇಕು. ಅದೂ ಓರೆಯಾದರೆ ಸರಸ್ವತಿ ಮುನಿಸಿಕೊಳ್ಳುತ್ತಾಳೆ. ಪುಸ್ತಕವಾದರೆ ಪ್ರಕಾಶಕರ ಊರನ್ನು ಬರೆಯಲೇಬೇಕಿತ್ತು, ಬಿಟ್ಟವರ ಅಂಕಕ್ಕೆ ಕತ್ತರಿ. 2019ರಲ್ಲಿ ಆ ಶೈಲಿಯ ಕೈಪಿಡಿಯ ಏಳನೇ ಆವೃತ್ತಿ ಬಂದು, ಊರೇ ಬೇಡ ಎಂದಿತು. ಕತ್ತರಿಸಿದ ಅಂಕ ಯಾರಿಗೂ ವಾಪಸಾಗಲಿಲ್ಲ. ಅಂದಹಾಗೆ, ಈ ಅಲ್ಪವಿರಾಮ, ಆವರಣಗಳ ಚಾಕರಿಯನ್ನು ಜೊಟೆರೊ ಎಂಬ ತಂತ್ರಾಂಶ 2006ರಿಂದಲೂ ಪುಕ್ಕಟೆ ಮಾಡಿಕೊಡುತ್ತಿದೆ. ಇರಲಿ, ಹಾಗೆಂದರೆ ಕಾರ್ಯಾಗಾರದ ಎರಡನೇ ದಿನಕ್ಕೆ ಕೆಲಸವೇ ಉಳಿಯುವುದಿಲ್ಲ.

ವ್ಯಾನ್ ಡರ್ ಗೀರ್ ಮತ್ತಿತರರು, 2000. ಈ ಮಹನೀಯರ ಪರಿಚಯ ನಿಮಗೆ ಇದ್ದೇ ಇರುತ್ತದೆ. ವೈಜ್ಞಾನಿಕ ಲೇಖನ ಬರೆಯುವ ಕಲೆಯ ಮೇಲೇ ಅವರದೊಂದು ಲೇಖನ! ಆಕರ ಬರೆಯುವ ಬಗೆ ತೋರಿಸಲು ಎಲ್ಸೆವಿಯರ್ ಪ್ರಕಾಶನ ಲೇಖಕರಿಗೆ ಕೊಟ್ಟ ಮಾದರಿ ಅದು. ಅಂಥ ಲೇಖನವೇ ಇಲ್ಲ. ಆದರೂ ಸುಮಾರು 400 ಪ್ರಬಂಧಗಳು ಅದನ್ನು ಉಲ್ಲೇಖಿಸಿವೆ ಎಂದು 2017ರಲ್ಲಿ ಪ್ರಾಧ್ಯಾಪಕಿ ಆನ್-ವಿಲ್ ಹಾರ್ಜಿಂಗ್ ಬಯಲಿಗಿಟ್ಟರು. ಹೆಚ್ಚಿನವು ಸಮ್ಮೇಳನದ ಪ್ರಬಂಧಗಳು. ಮಾದರಿ ಕಡತದಲ್ಲಿದ್ದ ಸಾಲು ಅಳಿಸದೆ ಹಾಗೇ ಹೋಗಿದೆ. ಬರೆದವರು ನೋಡಲಿಲ್ಲ, ಪರಿಶೀಲಿಸಿದವರು ನೋಡಲಿಲ್ಲ, ಸಂಪಾದಕರೂ ನೋಡಲಿಲ್ಲ. ಚಾಟ್‌ಜಿಪಿಟಿ ಇನ್ನೂ ಕಣ್ಣು ಬಿಟ್ಟಿರದ ಕಾಲದ ಮಾತು ಇದು. ಬದುಕಿರುವ ವಿದ್ವಾಂಸರು 40 ಉಲ್ಲೇಖಕ್ಕೆ ಬಾಯಿಬಾಯಿ ಬಿಡುತ್ತಿರುವಾಗ ಹುಟ್ಟದೆಯೇ 400 ಗಳಿಸಿದ ಗೀರ್ ಅವರಿಗೊಂದು ಗೌರವ ಡಾಕ್ಟರೇಟ್ ಸಲ್ಲಲೇಬೇಕು. ಸ್ವೀಕರಿಸಲು ಯಾರು ಬರುತ್ತಾರೆ ಎಂಬುದೊಂದೇ ತೊಡಕು.

ಅದಕ್ಕೂ ಹಿಂದೆ, 2003ರಲ್ಲಿ, ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಸಂಶೋಧಕರು ಇನ್ನೊಂದು ಲೆಕ್ಕ ಹಾಕಿದ್ದರು. ಒಬ್ಬರ ಆಕರಸೂಚಿಯಲ್ಲಿ ತಪ್ಪಾಗಿ ಬಿದ್ದ ಪುಟಸಂಖ್ಯೆ ಮುಂದಿನವರ ಪಟ್ಟಿಯಲ್ಲೂ ಅದೇ ತಪ್ಪಿನೊಂದಿಗೆ ಪ್ರತ್ಯಕ್ಷವಾಗುತ್ತಿತ್ತು. ಇದನ್ನು ಹಿಡಿದು ಅವರು ಅಂದಾಜಿಸಿದ್ದು: ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಸುಮಾರು ಶೇ 20 ಮಾತ್ರ.

ಇಂಥ ಹಿರಿಯರು ಸೇರಿ ಮಕ್ಕಳಿಗೆ ಪ್ರಾಮಾಣಿಕತೆ ಕಲಿಸುತ್ತಿದ್ದಾರೆ. ಪ್ರಬಂಧ ಒಪ್ಪಿಸಲು ತಿಂಗಳೂ ಉಳಿದಿರುವುದಿಲ್ಲ, ‘ಪಟ್ಟಿ ತೆಳ್ಳಗಿದೆ, ಐವತ್ತಾದರೂ ಇರಲಿ, ನನ್ನ ಎರಡು ಲೇಖನವನ್ನೂ ಸೇರಿಸಮ್ಮ’ ಎಂದು ಮಾರ್ಗದರ್ಶಕರ ಅಪ್ಪಣೆಯಾಗುತ್ತದೆ. ತೆರೆಯಲು ಹೋದರೆ ಅರ್ಧದಷ್ಟು ಲೇಖನಗಳ ಬಾಗಿಲಲ್ಲಿ ದುಡ್ಡು ಕೇಳುತ್ತಾರೆ. ಆ ಹುಡುಗಿ ಏನು ಮಾಡಬೇಕು? ಓದಲು ಸಮಯ ಕೊಡಲಿಲ್ಲ, ಓದಿದ್ದನ್ನು ಕೇಳಲಿಲ್ಲ, ಕೊನೆಗೆ ಕಳ್ಳಿ ಎಂದಿರಿ. ನಾಚಿಕೆಯಾಗಬೇಕು.

ಐವತ್ತು ಬೇಡ, ಐದೇ ಆಕರ ಸಾಕು. ಎದುರಿಗೆ ಕೂರಿಸಿಕೊಂಡು ‘ಇದರಲ್ಲಿ ಏನಿದೆ, ಯಾವ ಮಾತು ನಿನಗೆ ಒಪ್ಪಿಗೆಯಾಗಲಿಲ್ಲ’ ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ. ಆದರೆ ಹಾಗೆ ಕೇಳಬೇಕಾದರೆ ಕೇಳುವವರೂ ಆ ಐದನ್ನು ಓದಿರಬೇಕಾಗುತ್ತದೆ. ಅದಕ್ಕಿಂತ ಇನ್ನೊಂದು ಕಾರ್ಯಾಗಾರ ಇಡುವುದೇ ಸಲೀಸು, ಅದಕ್ಕೆ ಪ್ರಮಾಣಪತ್ರವೂ ಇದೆ.